ಬೀಗರು ಹುಡುಕಿದ ನಿಶಾನಿ

ಇವತ್ತು ಹೊತ್ತು ಮೂಡುವಾಗ ನನ್ನ ಮಗಳು ಕಾಳಮ್ಮ ಹೆಣ್ಣುಕೂಸು ಹಡೆದಿದ್ದಾಳೆ. ತಾಯಿ ಚೆನ್ನಾಗಿದ್ದಾಳೆ, ಕೂಸು ಚೆನ್ನಾಗಿದೆ, ಅಜ್ಜನಾದ ನನ್ನ ತಲೆ ಮಾತ್ರ ಸ್ವಲ್ಪ ನೆಟ್ಟಗಿಲ್ಲ. ಸಿಂಧನೂರಿನಲ್ಲಿ ಈ ಸುದ್ದಿ ಕೇಳದವರು ಯಾರೂ ಉಳಿದಿಲ್ಲ, ಯಾಕೆಂದರೆ ಓಣಿ ಓಣಿ ತಿರುಗಿ ಎಲ್ಲರಿಗೂ ನಾನೇ ಹೇಳಿದ್ದೇನೆ. ಸಕ್ಕರೆ ಸಿಗುವ ಕಾಲವಲ್ಲ, ಅದಕ್ಕೆ ಬೆಲ್ಲದ ಚೂರು ಹಿಡಿದು ಹೊರಟಿದ್ದೆ. ಅರಿವೆ ಅಂಗಡಿಯವನ ಬಾಯಿಗೆ ಬೆಲ್ಲ ಇಡಲು ಹೋದರೆ, "ಆಗಳೇ ಹಾಕಿ ಹೋದ್ರಲ್ಲ ಮೇಸ್ತ್ರಿ, ನಿಮ್ಮ ಮಗಳು ಮತ್ತೊಂದು ಹಡೆದಾಳೇನು?" ಎಂದ. ಹಾಗಾದರೂ ಆಗಲಿ, ತಿನ್ನು ಎಂದೆ.

ಕೂಸನ್ನು ನೋಡಲು ನನ್ನನ್ನು ಬಿಟ್ಟದ್ದು ಬಾಗಿಲ ಹೊರಗಿನಿಂದ. ಬೆಕ್ಕಿನ ಮರಿಯಷ್ಟು ಮುಖ, ಅದರಲ್ಲಿ ಸಿಟ್ಟು ಮಾತ್ರ ದೊಡ್ಡದು. ಕೊರಳು ಚಾಚಿ ಚಾಚಿ ನೋಡುತ್ತಿದ್ದಾಗ ನನ್ನ ಹೆಂಡತಿ, "ಸಾಕು ಸರೀರಿ. ಕೂಸಿಗೆ ದೃಷ್ಟಿ ಆಗೋದು ಹೊರಗಿನವ್ರಿಂದ ಅಲ್ಲ, ನಿಮ್ಮಿಂದನ" ಎಂದು ಬಾಗಿಲು ಎಳೆದುಕೊಂಡಳು. ಕಟ್ಟೆಯ ಮೇಲೆ ಬಂದು ಕುಳಿತೆ. ಆಗ ನೆನಪಾದರು ಈ ಕೂಸಿನ ಇನ್ನೊಬ್ಬ ಅಜ್ಜ, ಮಸ್ಕಿಯ ನನ್ನ ಬೀಗರು. ಹೋದ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡರು. ಸೊಸೆ ಬಸಿರಾಗಿದ್ದಾಳೆಂಬ ಸುದ್ದಿ ಅವರ ಕಿವಿಗೆ ಬಿದ್ದಿತ್ತು, ಅಷ್ಟೇ. ಅವರಿದ್ದಿದ್ದರೆ ಇವತ್ತು ಬೆಲ್ಲ ಹಂಚುವುದರಲ್ಲಿ ನನಗೊಬ್ಬ ಜೊತೆಗಾರ ಇರುತ್ತಿದ್ದ ಎಂದು ಬರೆಯೋಣವೆನ್ನಿಸಿತು. ಆದರೆ ಅದು ಸುಳ್ಳಾಗುತ್ತದೆ. ಅವರು ಮೊದಲು ಬೆಲ್ಲದ ಪೆಂಟೆ ತಿರುವಿ ಹಾಕಿ, ಇದು ಯಾವ ಊರ ಮಾಲು ಎಂದು ವಿಚಾರಿಸುತ್ತಿದ್ದರು. ಅಷ್ಟರಲ್ಲಿ ಇರುವೆ ಬಂದಿರುತ್ತಿದ್ದವು.

ಅವರನ್ನು ನಾನು ಒಮ್ಮೆಯೂ ಹೆಸರು ಹಿಡಿದು ಕರೆದವನಲ್ಲ. ಬೀಗರೇ ಎಂದೇ ಕರೆದೆ, ಇಲ್ಲಿಯೂ ಹಾಗೇ ಬರೆಯುತ್ತೇನೆ. ಅಯ್ಯನವರ ಸಾಲೆಯಲ್ಲಿ ಅಕ್ಷರ ಕಲಿತು ಮಗ್ಗಿಗೆ ಬರುವಷ್ಟರಲ್ಲಿ ಅಪ್ಪ ನನ್ನ ಕೈಗೆ ಉಳಿ ಕೊಟ್ಟ. ಆದ್ದರಿಂದ ಇದು ಓದಿದವರು ಬರೆದಂತೆ ಇರುವುದಿಲ್ಲ. ನಾನು ಮಾತಾಡಿದಂತೆ ಇರುತ್ತದೆ. ನಾನು ಜಾಸ್ತಿ ಮಾತಾಡುತ್ತೇನೆ ಎಂದು ಮನೆಯಲ್ಲಿ ಮೊದಲಿನಿಂದಲೂ ದೂರು ಇದೆ.

ನಾವು ಬಡಿಗರು. ಬಂಡಿ, ಕುಂಟೆ, ತೊಟ್ಟಿಲು, ಬಾಗಿಲ ಚೌಕಟ್ಟು, ನಮ್ಮ ಪ್ರಪಂಚ ಅಲ್ಲಿಗೆ ಮುಗಿಯಿತು. ನಮ್ಮ ಸಂಬಂಧಿಕರಲ್ಲಿ ಉಳಿ ಬಿಟ್ಟು ಲೇಖಣಿ ಹಿಡಿದವರು ಬೀಗರೊಬ್ಬರೇ. ಉರ್ದು ಓದಿ ಕರೋಡಗಿರಿ ನಾಕೆಯಲ್ಲಿ ಮುನ್ಶಿಯಾಗಿದ್ದರು. ನಿಜಾಮರ ಸೀಮೆಯೊಳಗೆ ಬರುವ ಮಾಲಿಗೆ ಸುಂಕ ಕಟ್ಟಿಸಿಕೊಳ್ಳುವ ಜಾಗ ಅದು. ಮೂಟೆ ಬರಲಿ, ಡಬ್ಬಿ ಬರಲಿ, ತಿರುವಿ ಹಾಕಿ ಅದರ ಮೊಹರು ನೋಡುವುದು ಅವರ ಕೆಲಸ. ಪಿಂಚಣಿ ಬಂದಮೇಲೂ ಆ ಕೈ ಸುಮ್ಮನಿರಲಿಲ್ಲ. ಯಾರ ಮನೆಗೆ ಹೋದರೂ ನೀರು ಕುಡಿದು ತಂಬಿಗೆಯ ತಳ ನೋಡುವರು. ಹೊಸ ಕೊಡೆ ಕಂಡರೆ ಬಿಚ್ಚಿ ಅದರ ಹಿಡಿಕೆ ಓದುವರು. "ನಿಶಾನಿ ಯಾವ್ದು?" ಇದು ಅವರ ಮೊದಲ ಮಾತು. ಯಾರಾದರೂ ಏನಾದರೂ ಸುದ್ದಿ ಹೇಳಿದರೆ, "ನೋಡಿದವ್ರು ಯಾರು?" ಇದು ಎರಡನೆಯದು. ಮೂರನೆಯ ಮಾತು ಅಪರೂಪ.

ಮಸ್ಕಿಯ ಗುಡ್ಡದಲ್ಲಿ ಹಳೆಯ ಕಾಲದ ಅಕ್ಷರ ಕೊರೆದ ಬಂಡೆಯಿದೆಯಲ್ಲ, ಅಲ್ಲಿಗೆ ನನ್ನನ್ನು ಒಮ್ಮೆ ಕರೆದುಕೊಂಡು ಹೋಗಿ ನಿಲ್ಲಿಸಿದರು. ಬಹಳ ಹೊತ್ತು ನೋಡಿದೆವು. ಏನು ಬರೆದಿದೆ ಎಂದು ಕೇಳಿದೆ. "ನನಗ ಓದಾಕ ಬರಂಗಿಲ್ಲ ಬೀಗ್ರ" ಎಂದರು. "ಆದ್ರ ಮೊಹರು ಪಕ್ಕಾ ಐತಿ."

ನನ್ನ ಮಗಳನ್ನು ನೋಡಲು ಅವರು ಬಂದ ದಿನದ ಮಾತು ಹೇಳಬೇಕು. ನಮ್ಮ ಮನೆಯಲ್ಲಿ ಇದ್ದವು ಸೊಟ್ಟ ತಾಟುಗಳು. ದೊಡ್ಡವರು ಬರುತ್ತಾರೆಂದು ನಾನು ಮಗ್ಗಲ ಮನೆಯ ಗೌಡರಿಂದ ಕಂಚಿನ ತಾಟು ತಂದು, ಹುಣಸೆಹಣ್ಣು ಹಚ್ಚಿ ತಿಕ್ಕಿಸಿ, ಹುಟ್ಟಿದಾಗಿನಿಂದ ಅದರಲ್ಲೇ ಉಂಡವನಂತೆ ಮುಖ ಮಾಡಿಕೊಂಡು ಸಾಲಾಗಿ ಇಟ್ಟೆ. ಅವರು ಕುಳಿತರು, ತಾಟು ಎತ್ತಿದರು, ತಿರುವಿದರು. ತಾಟಿನ ಹಿಂದೆ ಹೆಸರು ಚುಚ್ಚಿ ಬರೆಸಿರುತ್ತಾರೆಂಬುದು ಆ ಕ್ಷಣದವರೆಗೂ ನನಗೆ ಹೊಳೆದಿರಲಿಲ್ಲ. ಗೌಡರ ಹೆಸರು, ಗೌಡರ ಅಪ್ಪನ ಹೆಸರು, ಊರು, ಎಲ್ಲವೂ ಅಲ್ಲಿತ್ತು. ಬೀಗರು ನಿಧಾನವಾಗಿ ಓದಿದರು. ತಾಟನ್ನು ಮತ್ತೆ ನೆಟ್ಟಗಿಟ್ಟು ರೊಟ್ಟಿ ಮುರಿದರು. ಉಂಡು, ಕೈ ತೊಳೆದು, ಹೊರಡುವಾಗ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು:

"ಹುಡುಗಿ ನಮಗ ಪಸಂದ ಅದಾಳ್ರಿ. ತಾಟು ಜ್ವಾಕೀಲೆ ವಾಪಸ್ ಮುಟ್ಟಸ್ರಿ."

"ಹೌದ್ರಿ" ಎಂದೆ. ಅಲ್ಲಿಂದ ಮುಂದೆ ಅವರ ಎದುರು ನನ್ನ ಬಾಯಿಂದ ಹೊರಟದ್ದು ಬಹುಪಾಲು ಈ ಒಂದೇ ಮಾತು. ಹೆಣ್ಣು ಕೊಟ್ಟವನು ಬೀಗರಿಗೆ ಇಲ್ಲ ಎನ್ನುವುದುಂಟೆ?

ಅಳಿಯ ಲಿಂಗಸುಗೂರಿನಲ್ಲಿ ಮೋಟಾರು ರಿಪೇರಿ ಕಲಿತವನು. ಲಗ್ನವಾದ ವರ್ಷ ತುಂಬುವುದರೊಳಗೇ ದಂಡಿನ ಕಡೆಯವರು ಅವನನ್ನು ವಿಮಾನ ರಿಪೇರಿಯ ಕೆಲಸಕ್ಕೆ ತೆಗೆದುಕೊಂಡರು. ಮೊದಲು ಸಿಕಂದರಾಬಾದು, ಆಮೇಲೆ ಎಲ್ಲಿಯೋ ಬರ್ಮಾದ ದಿಕ್ಕಿಗೆ. ಬೀಗಿತಿ ಮೊದಲೇ ತೀರಿಕೊಂಡಿದ್ದರು. ಮಸ್ಕಿಯ ಮನೆಯಲ್ಲಿ ಉಳಿದವರು ಮಾವ, ಸೊಸೆ ಇಬ್ಬರೇ.

ಅಳಿಯನ ಕಾಗದ ಬಂದರೆ ಬೀಗರು ಅದನ್ನು ಸೊಸೆಗೆ ಓದಿ ಹೇಳುವರು. ದಂಡಿನ ಕಾಗದವೆಂದರೆ ಸಾಹೇಬರು ಮೊದಲು ಓದಿ, ಬೇಡವಾದ ಸಾಲಿನ ಮೇಲೆ ಮಸಿ ಬಳಿದು ಕಳಿಸುತ್ತಿದ್ದರು. ಬೇರೆ ಯಾರಾದರೂ ಆಗಿದ್ದರೆ ಮಸಿ ಇದ್ದಲ್ಲಿ ಹಾರಿಸಿ ಮುಂದೆ ಓದುತ್ತಿದ್ದರು. ಇವರು ಹಾಗಲ್ಲ. "ನಾನು ಕ್ಷೇಮ. ಇಲ್ಲಿ ಮಸಿ ಐತಿ. ಊಟ ಚಲೋ ಐತಿ. ಇಲ್ಲಿ ಮಸಿ ಐತಿ, ಇಲ್ಲೂ ಐತಿ. ಕಾಳಮ್ಮಗ ಹೇಳ್ರಿ" ಎಂದು ಒಂದೂ ಬಿಡದೆ ಓದುವರು. ನನ್ನ ಮಗಳು ಮಸಿಯನ್ನೂ ಕೈ ಕಟ್ಟಿ ಕೇಳುತ್ತಿದ್ದಳು.

ಅವಳೇ ಒಂದು ದಿನ ಕೇಳಿದಳಂತೆ. "ಮಾವಾರ, ಅವ್ರು ರಿಪೇರಿ ಮಾಡೋ ವಿಮಾನ ಹ್ಯಾಂಗಿರ್ತೈತ್ರಿ? ಕಣ್ಣು ಮುಚ್ಚಿದ್ರ ಅವ್ರು ಕಾಣ್ತಾರ, ಅವ್ರ ಕೈಯಾಗ ಏನೈತಿ ಅನ್ನೂದು ಕಾಣವಲ್ದು."

ಈ ಮಾತು ಹಿಡಿದುಕೊಂಡು ಬೀಗರು ಇದ್ದಿಲ ಮೋಟಾರು ಹತ್ತಿ ಸಿಂಧನೂರಿಗೆ ಬಂದರು. ಯುದ್ಧಕಾಲದಲ್ಲಿ ಎಣ್ಣೆ ಸಿಗದೆ ಮೋಟಾರು ಇದ್ದಿಲ ಹೊಗೆಯ ಮೇಲೆ ಓಡುತ್ತಿತ್ತು. ಇಳಿದವರ ಮುಖ ಕುಲುಮೆಯಿಂದ ಎದ್ದು ಬಂದಂತೆ ಇರುತ್ತಿತ್ತು. ಆ ಮುಖದಲ್ಲೇ ಕೇಳಿದರು:

"ಬೀಗ್ರ, ಹವಾಯಿ ಜಹಾಜು ನೋಡೀರೇನು?"

ನೋಡಿಲ್ಲ ಎನ್ನುವುದು ಹೇಗೆ. "ನೋಡೀನ್ರಿ."

"ಎಲ್ಲಿ?"

"ಮ್ಯಾಲ."

"ಗಾಲಿ ಎಷ್ಟು ಇದ್ದುವು?"

ಬಡಿಗನಿಗೆ ಗಾಲಿಯ ಪ್ರಶ್ನೆ ಹಾಕಿದರೆ ಅವನು ಸುಮ್ಮನಿರಲಾರ. "ನಾಕು" ಎಂದೆ.

"ರೆಕ್ಕಿ ಬಡೀತಿತ್ತೇನು?"

"ಸಣ್ಣಗ ಬಡೀತಿತ್ತ್ರಿ."

"ಅದು ಹದ್ದು ಇರಬೇಕು ಬೀಗ್ರ" ಎಂದು ಅವರು ನಗದೆ ಹೇಳಿದರು. "ನಾಕು ಗಾಲಿ ಹದ್ದು."

ಆದರೂ ಕೆಲಸ ನನಗೇ ಕೊಟ್ಟರು. ಸೊಸೆ ಕೈಯಲ್ಲಿ ಹಿಡಿದು ನೋಡುವಷ್ಟು ದೊಡ್ಡ ವಿಮಾನ, ಕಟ್ಟಿಗೆಯದು. ತಹಸೀಲ ಕಚೇರಿಯ ಗೋಡೆಗೆ ಅಂಟಿಸಿದ್ದ ಯುದ್ಧದ ಚಿತ್ರವೊಂದನ್ನು ಅವರು ನೋಡಿ, ಅಂದಾಜಿನ ಅಳತೆ ಬರೆದು ತಂದಿದ್ದರು. ನನ್ನ ಹತ್ತಿರ ಇದ್ದದ್ದು ಜಾಲಿಯ ತುಂಡು, ಕೈಗೆ ರೂಢಿಯಾದದ್ದು ಬಂಡಿ. ಗಾಲಿಗೆ ಆರೆ ಕಾಲು ಕೂಡಿಸಿದೆ, ಅಚ್ಚಿಗೆ ಕಡಾಣಿ ಹೊಡೆದೆ, ಮೂತಿಯನ್ನು ನೊಗದ ತುದಿಯಂತೆ ಮಾಡಿ ಒಂದು ಹೂವನ್ನೂ ಕೆತ್ತಿದೆ. ಕಾಲ ಮೇಲೆ ಬಿದ್ದರೆ ಬೆರಳು ಹೋಗುವಂಥ ವಿಮಾನ. ಬೀಗರು ಎರಡೂ ಕೈಯಿಂದ ಎತ್ತಿ, ತಿರುವಿ, ತಳ ನೋಡಿ, ಕೆಳಗಿಟ್ಟರು.

"ಚಲೋ ಮಾಡೀರಿ. ಎತ್ತು ಎಲ್ಲಿ ಕಟ್ಟೂಣು?"

ಹೌದ್ರಿ ಎಂದೆ. ಆರೆ ತೆಗೆದೆ, ಕಡಾಣಿ ತೆಗೆದೆ, ಹೂವನ್ನು ತೆಗೆಯುವಾಗ ಮಾತ್ರ ಸ್ವಲ್ಪ ಸಂಕಟವಾಯಿತು. ಸವರಿ ಸವರಿ ಕೊನೆಗೆ ಚಿತ್ರದಲ್ಲಿದ್ದ ಹೊಸ ನಮೂನೆಯ ವಿಮಾನದ ಹಾಗೆ, ಹೊಟ್ಟೆಯ ಪಕ್ಕಕ್ಕೆ ರೆಕ್ಕೆ ಚಾಚಿದ ಒಂದು ಆಕಾರ ಬಂತು.

ಆಗ ಎದ್ದಿತು ನಿಶಾನಿಯ ಪ್ರಶ್ನೆ. ನಮ್ಮ ಕಡೆಯ ವಿಮಾನದ ರೆಕ್ಕೆಯ ಮೇಲೆ ದುಂಡಗಿನ ಗುರುತು ಇರುತ್ತದೆಂದು ಎಲ್ಲರೂ ಹೇಳುತ್ತಿದ್ದರು. ಅದರ ಬಣ್ಣ ಯಾವುದು? ಕಚೇರಿಯ ಚಿತ್ರ ಒಂದೇ ಮಸಿಯಲ್ಲಿ ಅಚ್ಚಾದದ್ದು. ಮಗನಿಗೆ ಕಾಗದ ಹಾಕಿ ಕೇಳಿದರು. ಉತ್ತರದಲ್ಲಿ ಕ್ಷೇಮದ ಒಂದು ಸಾಲು ಬಿಟ್ಟು ಉಳಿದದ್ದೆಲ್ಲ ಮಸಿ. ಬೀಗರು ಅದನ್ನೂ ಪೂರ್ತಿ ಓದಿದರು. ಹಾಗೆಲ್ಲ ಕೇಳಬಾರದೆಂದು ನನಗೆ ತಿಳಿಯಿತು. ಅವರಿಗೆ ತಿಳಿದದ್ದು, ಬೇರೆ ಗವಾಹಿ ಹುಡುಕಬೇಕೆಂದು.

ಮೊದಲ ಸಾಕ್ಷಿ ಲಿಂಗಸುಗೂರಿನಲ್ಲಿ ಹಿಂದೆ ದಂಡು ಇಳಿದಿದ್ದ ಹಳೆಯ ಛಾವಣಿಯ ಕಡೆ ಮನೆ ಮಾಡಿಕೊಂಡಿದ್ದ ಪಿಂಚಣಿದಾರ ಸಿಪಾಯಿ. ನಮ್ಮ ಹುಡುಗನ ಲಗ್ನವಾದ ವರ್ಷ ಅವರು ಸಿಕಂದರಾಬಾದಿಗೆ ಹೋಗಿ ವಿಮಾನವನ್ನು ಹತ್ತಿರದಿಂದ ನೋಡಿ ಬಂದಿದ್ದರು. "ಹೊರಗ ನೀಲಿ, ಒಳಗ ಬಿಳಿ, ನಟ್ಟನಡುವ ಕೆಂಪು" ಎಂದರು. ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ರೆಕ್ಕೆ ತಲೆಯ ಮೇಲೆ ಕೊಡೆಯಂತೆ ಇತ್ತು, ಕಾಲಿಗೆ ಬೂಟು ಇದ್ದವು ಎಂದೂ ಸೇರಿಸಿದರು. ನಾವು ನೋಡಿದ ಚಿತ್ರದಲ್ಲಿ ಕೊಡೆಯೂ ಇಲ್ಲ, ಬೂಟೂ ಇಲ್ಲ. ಹೊರಗೆ ಬಂದಮೇಲೆ ಬೀಗರು, "ಬಣ್ಣ ನಂಬೂಣು, ಬೂಟು ಬ್ಯಾಡ" ಎಂದರು. ಹೌದ್ರಿ ಎಂದೆ.

ಬಣ್ಣವೆಂದರೆ ಪೇಟೆಯ ಬಣ್ಣ ಎಲ್ಲಿ ಸಿಗಬೇಕು? ಬಿಳಿಗೆ ಸುಣ್ಣ, ನೀಲಿಗೆ ಅರಿವೆಗೆ ಹಾಕುವ ನೀಲಿ. ಕೆಂಪಿಗೆ ಏನು ಮಾಡುವುದೆಂದು ಮಸ್ಕಿಯ ಮನೆಯಲ್ಲಿ ನಾವಿಬ್ಬರೂ ಮುಖ ನೋಡಿಕೊಂಡಾಗ ನನ್ನ ಮಗಳು ಒಳಗೆ ಹೋಗಿ ತನ್ನ ಕುಂಕುಮದ ಭರಣಿ ತಂದಳು. ಔಡಲೆಣ್ಣೆಯಲ್ಲಿ ಕಲಸಿ, ಉಂಗುರ ಬೆರಳಿನಿಂದ ತಾನೇ ಎರಡೂ ರೆಕ್ಕೆಯ ನಡುವೆ ಇಟ್ಟಳು. ವಿಮಾನ ಅಡುಗೆಮನೆಯ ಗೂಡಿನಲ್ಲಿ ಕುಳಿತಿತು. ಒಲೆ ಹೊತ್ತಿಸುವಾಗ ಅದನ್ನೊಮ್ಮೆ ನೋಡಿಯೇ ಹೊತ್ತಿಸುವಳು.

ಕೆಲಸ ಮುಗಿಯಿತೆಂದು ನಾನು ಉಳಿ ಒರೆಸಿಟ್ಟೆ. ಆದರೆ ಬೀಗರಿಗೆ ಒಬ್ಬರ ಗವಾಹಿ ಸಾಲದು. ಹಟ್ಟಿಯಲ್ಲಿ ಗಣಿಯ ಕೆಲಸಕ್ಕೆ ಬಂದಿದ್ದ ಎಂಜಿನಿಯರರೊಬ್ಬರ ಮನೆಗೆ ಚಿತ್ರದ ಪತ್ರಿಕೆ ಬರುತ್ತವೆಂದು ಕೇಳಿ ಅಲ್ಲಿಗೆ ಹೋಗಿ ಬಂದರು. ಒಂದು ಚಿತ್ರದಲ್ಲಿ ಗುರುತಿನ ನಡುಭಾಗ ಕಪ್ಪಾಗಿ ಕಂಡಿತಂತೆ, ಇನ್ನೊಂದರಲ್ಲಿ ಬೆಳ್ಳಗೆ. "ಇಬ್ರಾಗ ಒಬ್ಬ ಸುಳ್ಳು ಹೇಳಾಕತ್ತಾನ ಬೀಗ್ರ" ಎಂದರು. ಯಾರ್ರೀ ಎಂದು ಕೇಳಿದೆ. "ಚಿತ್ರ" ಎಂದರು.

ಅಷ್ಟರಲ್ಲಿ ಸಾಲಗುಂದದ ಸುದ್ದಿ ಬಂತು. ಅಲ್ಲಿಯ ಹೊಲವೊಂದರಲ್ಲಿ ಹಿಂದಿನ ಸುಗ್ಗಿಯಲ್ಲಿ ಒಂದು ವಿಮಾನ ಇಂಜಿನು ಕೆಟ್ಟು ಇಳಿದಿತ್ತು, ದಂಡಿನವರು ಬಂದು ಒಯ್ಯುವತನಕ ಊರವರೆಲ್ಲ ಅದನ್ನು ಮುಟ್ಟಿ ನೋಡಿದ್ದರು ಎಂದು. ನನ್ನ ಬಂಡಿ ಕಟ್ಟಿಕೊಂಡು ಇಬ್ಬರೂ ಹೋದೆವು. ಊರ ಕಟ್ಟೆಯ ಮೇಲೆ ಕುಳಿತ ಮಂದಿಯನ್ನು ಬೀಗರು ನಾಕೆಯಲ್ಲಿ ನಿಲ್ಲಿಸಿದಂತೆ ನಿಲ್ಲಿಸಿಕೊಂಡು ಕೇಳತೊಡಗಿದರು.

"ನಡುವ ಕೆಂಪು ಇತ್ತೇನ್ರಿ?"

"ಇತ್ತ್ರಿ" ಎಂದ ಒಬ್ಬ. "ಕೆಂಪು ಚಲೋ ಇತ್ತು" ಎಂದ ಇನ್ನೊಬ್ಬ. ಎಲ್ಲರೂ ತಲೆಯಾಡಿಸಿದರು. ನಾನು ಎತ್ತು ಹೂಡಲು ಎದ್ದೆ.

"ಎಷ್ಟು ದೊಡ್ಡದಿತ್ತು ಕೆಂಪು?"

"ಹೆಬ್ಬಟ್ಟಿನಷ್ಟು ಇತ್ತ್ರಿ."

ಬೀಗರು ನನ್ನ ಕಡೆ ನೋಡಿದರು. ಹೊರಗಿನ ನೀಲಿ ಬಂಡಿಯ ಗಾಲಿಯಷ್ಟು ಅಗಲ ಇತ್ತೆಂದು ಅದೇ ಜನ ಆಗಲೇ ಹೇಳಿದ್ದರು. ಬಂಡಿ ಗಾಲಿಯ ನಡುವೆ ಹೆಬ್ಬೆಟ್ಟಿನಷ್ಟು ಕೆಂಪೇ? ಮತ್ತೆ ಕೇಳಿದರು:

"ಆ ಕೆಂಪು ಒಣಗಿತ್ತೋ, ಸೋರಿತ್ತೋ?"

"ಸ್ವಲ್ಪ ಸೋರಿತ್ತ್ರಿ."

"ಸೋರದ ಏನ್ ಮಾಡತೈತಿ?" ಎಂದು ಹಿಂದಿನಿಂದ ಒಬ್ಬ ಮುದುಕಿ ಮುಂದೆ ಬಂದಳು. "ಎಣ್ಣಿ ಜಾಸ್ತಿ ಆಗಿತ್ತು. ನಾನ ಹಚ್ಚಿದ್ದು."

ಬೀಗರು ಅವಳ ಕಡೆ ತಿರುಗಿದರು.

"ನೀವು ಯಾಕ ಹಚ್ಚಿದ್ರಬೇ?"

"ಊರಿಗೆ ಬಂದದ್ದನ್ನ ಹಂಗ ಕಳಸ್ತಾರೇನ್ರಿ? ಹೊಸಾ ಎತ್ತು ಬಂದ್ರ ಹಚ್ತೀವಿ, ಹೊಸಾ ಬಂಡಿ ಬಂದ್ರ ಹಚ್ತೀವಿ. ಸುತ್ತ ನೀಲಿ ಐತಿ, ನಡುವ ನೋಡಿದ್ರ ಬೆಳ್ಳಗ ಬರೇ ಹಣಿ. ನನ್ನ ಕೈಲೆ ನೋಡಾಕ ಆಗ್ಲಿಲ್ಲ. ಕಾಯಾಕ ನಿಂತಿದ್ದ ಸಿಪಾಯಿ ಬ್ಯಾಡ ಬ್ಯಾಡ ಅಂತ ಕೂಗಿದ. ಕೆಂಪು ದುಂಡು ಅನ್ನೂದು ವೈರಿ ನಿಶಾನಿ ಅಂತ. ದೂರದಿಂದ ಕೆಂಪು ಕಂಡು ನಮ್ಮವ್ರ ನಮ್ಮವ್ರಿಗೆ ಗುಂಡು ಹಾಕ್ಯಾರು ಅಂತ ಮೊದ್ಲಿದ್ದ ಕೆಂಪು ಅಳಿಸ್ಯಾರಂತ."

"ಮತ್ತ ನೀವೇನ್ ಮಾಡಿದ್ರಿ?"

"ಕಾಯಿ ಒಡದ್ನಿ."

ಬೀಗರು ಎದ್ದು ಆ ಮುದುಕಿಗೆ ಕೈ ಮುಗಿದರು. ತಿರುಗಿ ಬರುವಾಗ ಅವರ ಮುಖದಲ್ಲಿ ಕಂಡ ಸಂತೋಷವನ್ನು ನಾನು ಮಗನ ಲಗ್ನದಲ್ಲೂ ಕಂಡಿರಲಿಲ್ಲ. ದಾರಿಯುದ್ದಕ್ಕೂ, "ಪಕ್ಕಾ ಆತು ಬೀಗ್ರ, ಪಕ್ಕಾ ಆತು" ಎನ್ನುತ್ತಿದ್ದರು. ನಾನು ಹೌದ್ರಿ ಹೌದ್ರಿ ಎಂದು ಎತ್ತಿನ ಬಾಲ ತಿರುವುತ್ತಿದ್ದೆ. ಪಕ್ಕಾ ಆದದ್ದರ ಅರ್ಥವೇನೆಂದು ಇಬ್ಬರಲ್ಲಿ ಒಬ್ಬರಾದರೂ ಯೋಚಿಸಬೇಕಿತ್ತು.

ಮರುದಿನ ಮಸ್ಕಿಯಲ್ಲಿ ಅವರು ವಿಮಾನವನ್ನು ತೊಡೆಯ ಮೇಲಿಟ್ಟುಕೊಂಡು ಚಾಕುವಿನಿಂದ ಕೆಂಪು ಕೆರೆಯುತ್ತಿದ್ದರು. ನಾನು ಎದುರಿಗೆ ಸುಣ್ಣ ಕಲಸುತ್ತಿದ್ದೆ. ಮಗಳು ಬಾವಿಯಿಂದ ಕೊಡ ಹೊತ್ತು ಬಂದವಳು ಹೊಸ್ತಿಲಲ್ಲೇ ನಿಂತಳು.

"ಮಾವಾರ, ಏನ್ ಮಾಡಾಕತ್ತೀರಿ?"

"ನಿಶಾನಿ ಸರಿ ಮಾಡಾಕತ್ತೀನವ್ವ. ಈಗಿನ ಜಹಾಜಿಗೆ ಕೆಂಪಿಲ್ಲ. ತೆಗದದ್ದ ಚಲೋ ಆತು. ನಮ್ಮವ್ರ ಗುಂಡು ನಮ್ಮವ್ರ ಮ್ಯಾಲ ಬೀಳಬಾರ್ದು ಅಂತ ತೆಗದಾರ."

"ಅಲ್ಲಿ ತೆಗೀಲ್ರಿ. ಇಲ್ಲಿ ಯಾಕ ತೆಗೀತೀರಿ?"

"ಇಲ್ಲದ್ದು ಹಚ್ಚಿದ್ರ ಖೋಟಾ ಆಗತೈತವ್ವ."

ಅವಳು ಕೊಡ ಇಳಿಸಲಿಲ್ಲ. "ನಾ ಹಣಿಗೆ ಹಚ್ಚಿಕೊಳ್ಳೂದನ್ನ ಅದಕ್ಕ ಹಚ್ಚೀನ್ರಿ. ಟಪಾಲು ಬರವಲ್ದು, ಎಲ್ಲಿ ಅದಾರ ಅನ್ನೂದು ಗೊತ್ತಿಲ್ಲ. ನೀವು ಮನ್ಯಾಗ ಕೂತು ಅದನ್ನ ಕೆರದು ತೆಗ್ಯಾಕತ್ತೀರಿ."

ಆ ದಿನಗಳಲ್ಲಿ ಅಳಿಯನ ಕಾಗದ ಬರುವುದು ನಿಂತಿತ್ತು. ಮಸಿಯ ಕಾಗದವೂ ಇಲ್ಲ. ಅದನ್ನು ನಾವ್ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ಬೀಗರ ಚಾಕು ಅಲ್ಲೇ ನಿಂತಿತು. ಅವರು ನನ್ನ ಕಡೆ ನೋಡಿ, "ಖೋಟಾ ಅಲ್ಲೇನ್ರಿ ಬೀಗ್ರ?" ಎಂದರು. ಹೌದ್ರಿ ಎಂದೆ. ಮಗಳು, "ತೆಗೀಬಾರ್ದು ಅಲ್ಲೇನಪ್ಪ?" ಎಂದಳು. ಹೌದವ್ವ ಎಂದೆ. ಇಬ್ಬರೂ ನನ್ನನ್ನು ನೋಡಿದ ನೋಟ ನೆನೆದರೆ ಇವತ್ತಿಗೂ ಮೈ ಬೆವರುತ್ತದೆ. ಸುಣ್ಣದ ಬಟ್ಟಲು ಹಿಡಿದು ಹೊರಗೆ ಹೋದೆ. ಸುಣ್ಣಕ್ಕೆ ನೀರು ಜಾಸ್ತಿಯಾಗಿದೆ ಎಂಬಂತೆ ನಟಿಸಿದೆ.

ಅರ್ಧ ಕೆರೆದ ವಿಮಾನ ಹಾಗೇ ಉಳಿಯಿತು. ಅವಳು ಮಾವನಿಗೆ ಹೊತ್ತಿಗೆ ಸರಿಯಾಗಿ ರೊಟ್ಟಿ ಬಡಿದು ಹಾಕುವಳು, ಮಾತಿಲ್ಲ. ಅವರು ತಾಟು ತಿರುವಿ ನೋಡುವುದನ್ನೇ ಬಿಟ್ಟಿದ್ದಾರೆಂದು ನೆರೆಯವರು ಹೇಳಿ ಕಳಿಸಿದಾಗ ನನಗೆ ನಿಜಕ್ಕೂ ಹೆದರಿಕೆಯಾಯಿತು.

ಹೀಗಿರುವಾಗ ಒಂದು ಮಧ್ಯಾಹ್ನ ಬೀಗರು ವಿಮಾನವನ್ನು ಪಂಚೆಯಲ್ಲಿ ಸುತ್ತಿಕೊಂಡು ನನ್ನ ಕೆಲಸದ ಚಪ್ಪರಕ್ಕೆ ಬಂದರು. ಕುಳಿತುಕೊಳ್ಳುವ ಮೊದಲೇ ಮಾತು.

"ಇಬ್ರೂ ಖರೇ ಹೇಳ್ಯಾರ ಬೀಗ್ರ."

"ಯಾರ್ರೀ?"

"ಲಿಂಗಸುಗೂರು ಸಿಪಾಯಿ, ಸಾಲಗುಂದ ಮುದುಕಿ. ಅವ್ರು ನೋಡಿದ್ದು ಹಳೇ ಜಹಾಜು, ಈಕಿ ನೋಡಿದ್ದು ಹೊಸಾದು. ಹಳೇದಕ್ಕ ಕೆಂಪಿತ್ತು, ಆಮ್ಯಾಲ ಅಳಿಸ್ಯಾರ. ಕೊಡೀನೂ ಖರೇ, ಬೂಟೂ ಖರೇ. ನಾವು ಗವಾಹಿ ಕೇಳಿದ್ವಿ, ಯಾವ ವರ್ಷದ್ದು ಅಂತ ಕೇಳ್ಲಿಲ್ಲ. ನಮ್ಮ ಹುಡುಗ ದಂಡಿಗೆ ಹೋದದ್ದು ಲಗ್ನದ ವರ್ಷ. ಮೊದ್ಲು ಅವನ ಕೈಗೆ ಬಂದದ್ದು ಸಿಕಂದರಾಬಾದಿನ ಹಳೇದ ಇರಬೇಕು. ಅದಕ್ಕ ಕೆಂಪು ಹಚ್ಚಿದ್ರ ಖೋಟಾ ಅಲ್ಲ."

ನನ್ನ ಎದೆಯ ಮೇಲಿನ ತೊಲೆ ಇಳಿದಂತಾಯಿತು. "ಹಂಗಾರ ಹಚ್ಚೂಣ್ರಿ" ಎಂದು ವಿಮಾನಕ್ಕೆ ಕೈ ಹಾಕಿದೆ. ಅವರು ಹಿಂದಕ್ಕೆ ಎಳೆದುಕೊಂಡರು.

"ಇದಕ್ಕಲ್ಲ. ಇದು ಈಗಿಂದು. ಲಗ್ನದ ವರ್ಷದ್ದು ಬ್ಯಾರೆ ಮಾಡ್ರಿ."

ಎರಡು ಬೊಟ್ಟು ಕುಂಕುಮಕ್ಕಾಗಿ ಇಡೀ ವಿಮಾನ ಹೊಸದಾಗಿ ಕೆತ್ತಬೇಕು. ಬೇರೆ ಗಿರಾಕಿಯಾಗಿದ್ದರೆ ಕೊಡಲಿ ಹಿಡಿದು ಮಾತಾಡುತ್ತಿದ್ದೆ. "ಹೌದ್ರಿ" ಎಂದೆ. ಈ ಸಲ ಹಗುರಾದ ಕಟ್ಟಿಗೆ ತಂದೆ. ಮತ್ತೆ ಲಿಂಗಸುಗೂರಿಗೆ ಹೋಗಿ ಸಿಪಾಯಿಯ ಕ್ಷಮೆ ಕೇಳಿ, ಬೂಟಿನ ಮಾತನ್ನು ಮೊದಲಿನಿಂದ ಕೊನೆಯವರೆಗೆ ಕೇಳಿಸಿಕೊಂಡೆವು. ಅವರು ತಮ್ಮ ಕಾಲು ಚಾಚಿಯೇ ತೋರಿಸಿದರು. ತಲೆಯ ಮೇಲೆ ರೆಕ್ಕೆ, ಗಾಲಿಗೆ ಬೂಟು, ಮೂತಿಗೆ ಪಂಖಾ. ಪಂಖಾ ಮಾಡುವಾಗ ನನಗೆ ಹುಮ್ಮಸ್ಸು ಬಂದಿತ್ತು. ಯಾರನ್ನೂ ಕೇಳಲಿಲ್ಲ.

ಬೀಗರು ಅದನ್ನು ಸೊಸೆಯ ಮುಂದೆ ಇಟ್ಟು, ಯಾವುದು ಯಾವ ವರ್ಷದ್ದು, ಯಾರು ನೋಡಿದ್ದು ಎಲ್ಲ ವಿವರಿಸಿ ಹೇಳಿದರು. ಅವಳು ಸೆರಗು ಕಚ್ಚಿಕೊಂಡು ಕೇಳಿದಳು.

"ಹಂಗಾರ ಇದು ಖೋಟಾ ಅಲ್ಲಲ್ರಿ ಮಾವಾರ?"

"ಅಲ್ಲವ್ವ. ಲಗ್ನದ ವರ್ಷದ್ದು. ಹಚ್ಚು."

ಅವಳು ಭರಣಿ ತಂದಳು. ಹಳೆಯ ಜಾಲಿಯ ವಿಮಾನದ ಕೆಂಪನ್ನು ಅವರು ಪೂರ್ತಿ ಕೆರೆದು, ಸುಣ್ಣ ಬಳಿದು, ಅವಳ ಕಣ್ಣಿಗೆ ಬೀಳದಂತೆ ತಮ್ಮ ಪೆಟ್ಟಿಗೆಯಲ್ಲಿ ಇಟ್ಟುಕೊಂಡರು. ದಿನಾ ಮುಂಜಾನೆ ಪೆಟ್ಟಿಗೆ ತೆರೆದು ಅದನ್ನು ನೋಡುತ್ತಿದ್ದರೆಂದು ಅವರು ಹೋದಮೇಲೆ ಅವಳೇ ನನಗೆ ಹೇಳಿದಳು. ಅವಳಿಗೆ ಗೊತ್ತಿತ್ತಂತೆ. ಸೊಸೆಗೆ ಗೊತ್ತಿದೆ ಎಂಬುದು ಅವರಿಗೂ ಗೊತ್ತಿತ್ತೋ ಏನೋ.

ಆಮೇಲೆ ಕಾಗದ ಬಂತು. ಯುದ್ಧ ಮುಗಿಯಿತು. ಅಳಿಯ ಬಂದ. ಕಪ್ಪಾಗಿ ಕಡ್ಡಿಯಾಗಿದ್ದ, ಆದರೆ ಕೈಕಾಲು ಎಲ್ಲ ಇದ್ದವು. ಬಂದ ದಿನ ನಾವೂ ಮಸ್ಕಿಯಲ್ಲಿದ್ದೆವು. ಅವನು ಗೂಡಿನಲ್ಲಿದ್ದ ವಿಮಾನ ಕಂಡು ಕೈಗೆತ್ತಿಕೊಂಡ, ತಿರುವಿ ತಳ ನೋಡಿದ. ಬೀಗರು ಗೋಡೆಗೆ ಒರಗಿ ನಿಂತಿದ್ದರು. ಜೀವಮಾನವೆಲ್ಲ ಬೇರೆಯವರ ಮಾಲು ತಪಾಸು ಮಾಡಿದ ಮನುಷ್ಯ ಅವತ್ತು ತನ್ನದನ್ನು ತಪಾಸಿಗೆ ಇಟ್ಟು ನಿಂತಂತೆ ಕಂಡಿತು.

"ಬೂಟು ಬರೋಬ್ಬರಿ ಐತಿ. ನಿಶಾನಿ ಬರೋಬ್ಬರಿ ಐತಿ, ಆವಾಗ ಹಿಂಗ ಇತ್ತು" ಎಂದ ಅಳಿಯ. ಆಮೇಲೆ ಪಂಖಾದ ಮೇಲೆ ಬೆರಳಾಡಿಸಿ ನಕ್ಕುಬಿಟ್ಟ. "ಇದನ್ನ ಯಾರು ಕೆತ್ತ್ಯಾರ್ರಿ? ಓರೆ ಉಲ್ಟಾ ಐತಿ. ಈ ಪಂಖಾ ತಿರುಗಿದ್ರ ಜಹಾಜು ಮುಂದ ಹೋಗಂಗಿಲ್ಲ, ಹಿಂದಕ್ಕ ಬರತೈತಿ."

ನನ್ನ ಕಿವಿ ಬಿಸಿಯಾಯಿತು. ದಂಡಿನಿಂದ ಬಂದ ಅಳಿಯ, ಬೀಗರ ಮನೆ, ನೆರೆಯವರೆಲ್ಲ ನೆರೆದಿದ್ದಾರೆ. ಹೆಂಡತಿ ಆಗಲೇ ನನ್ನ ಕಡೆ ತಿರುಗಿದ್ದಳು. ಆಗ ಬೀಗರು ಗಂಟಲು ಸರಿಮಾಡಿಕೊಂಡರು.

"ಹಿಂದಕ್ಕ ಬರ್ಲಿ ಅಂತನ ಹಂಗ ಮಾಡ್ಸೀನಿ" ಎಂದರು. "ಅಲ್ಲೇನ್ರಿ ಬೀಗ್ರ?"

ಹಾಗೆ ಅವರು ಮಾಡಿಸಿರಲಿಲ್ಲ. ಅದು ಅವರಿಗೂ ಗೊತ್ತು, ನನಗೂ ಗೊತ್ತು. ಖೋಟಾ ಮೊಹರೊಂದನ್ನು ನಾಕೆ ದಾಟಲು ಬಿಡದ ಮನುಷ್ಯ ಎಲ್ಲರೆದುರು ನಿಂತು ಹೇಳಿದ ಮಾತು ಅದು. ನಾನು ಅವರಿಗೆ ಎಷ್ಟು ಸಲ ಹೌದ್ರಿ ಎಂದಿದ್ದೆನೋ ಲೆಕ್ಕವಿಲ್ಲ, ಆದರೆ ಅವತ್ತು ಎಂದ ಹೌದ್ರಿಯಷ್ಟು ಖರೆಯಾದದ್ದು ಇನ್ನೊಂದಿರಲಿಲ್ಲ. ಮಗಳು ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ. ಅಳಿಯ ವಿಮಾನ ಕೆಳಗಿಟ್ಟು ಅಪ್ಪನ ಕಾಲು ಮುಟ್ಟಿದ.

ಇಷ್ಟು ಬರೆಯುವಷ್ಟರಲ್ಲಿ ಸಂಜೆಯ ಮೋಟಾರು ಬಂತು, ಮಸ್ಕಿಯಿಂದ ಅಳಿಯ ಬಂದ. ಕಟ್ಟೆಯಿಂದ ಎದ್ದವನಿಗೆ ಏನು ಹೇಳಬೇಕೆಂದು ತಿಳಿಯದೆ, ಮುಂಜಾನೆಯಿಂದ ಊರಿಗೆಲ್ಲ ಹೇಳಿದ ಮಾತನ್ನೇ ಅವನಿಗೂ ಹೇಳಿದೆ, "ನಮ್ಮ ಕಾಳಮ್ಮ ಹೆಣ್ಣು ಹಡೆದಾಳ." "ಗೊತ್ತಾಗೈತ್ರಿ ಮಾವಾರ, ಅದಕ್ಕ ಬಂದೀನಿ" ಎಂದ. ಮುಖ ತೊಳೆದು, ಕೂಸನ್ನು ನೋಡಿ, ಹೊರಗೆ ಬಂದಾಗ ಕಣ್ಣು ಕೆಂಪಾಗಿದ್ದವು. ಇದ್ದಿಲ ಹೊಗೆ ಎಂದ. ಇರಬಹುದು.

ಎಲ್ಲರೂ ಒಟ್ಟಿಗೆ ಉಣ್ಣಲು ಕುಳಿತೆವು. ಜೋಳದ ರೊಟ್ಟಿ, ಬದನೆಕಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಉಳಿದ ಬೆಲ್ಲಕ್ಕೆ ತುಪ್ಪ. ನನ್ನ ಹೆಂಡತಿ ಯಾವತ್ತೂ ಎಲ್ಲರದೂ ಆದಮೇಲೆ ಉಣ್ಣುವವಳು. ಅಳಿಯ, "ಅತ್ತಿಯಾರ, ಇವತ್ತು ನೀವೂ ಕೂಡ್ರಿ" ಎಂದ, ಕುಳಿತಳು. ಬಾಣಂತಿಯ ಕೋಣೆಯ ಬಾಗಿಲು ಅರ್ಧ ತೆರೆದಿತ್ತು, ಮಗಳು ಅಲ್ಲೇ ಒಳಗೆ ಬಿಸಿ ಅನ್ನ, ಮೆಣಸಿನ ಸಾರು ಉಣ್ಣುತ್ತಿದ್ದಳು. ಅಳಿಯ ಸಾಕೆಂದು ತಾಟಿಗೆ ಕೈ ಅಡ್ಡ ಹಿಡಿದ. ಒಳಗಿನಿಂದ ದನಿ ಬಂತು: "ಅವ್ವ, ಸಾಕಂದ್ರ ಕೇಳಬ್ಯಾಡ, ಇನ್ನೊಂದು ರೊಟ್ಟಿ ನೀಡು." ನನ್ನ ಹೆಂಡತಿ ಎರಡು ನೀಡಿದಳು.

ಆಗ ಕೂಸು ಅತ್ತಿತು. ಎಲ್ಲರ ಕೈ ತಾಟಿನಲ್ಲೇ ನಿಂತವು. ಸ್ವಲ್ಪ ಹೊತ್ತು ಅತ್ತು, ಬಿಕ್ಕಿ, ಸುಮ್ಮನಾಯಿತು. ಆದರೂ ಯಾರೂ ತುತ್ತು ಎತ್ತಲಿಲ್ಲ, ಬಾಗಿಲ ಕಡೆಯೇ ನೋಡುತ್ತಿದ್ದೆವು.

"ಯಾಕ ಸುಮ್ಮನಾದ್ರಿ?" ಎಂದಳು ಮಗಳು ಒಳಗಿನಿಂದ. "ಅದೂ ಉಣ್ಣಾಕತ್ತೈತಿ. ನೀವೂ ಉಣ್ರಿ."

ಉಂಡೆವು.